ಕೆಟಲ್ ಮೇಲೆ ಕಳ್ಳನ ಮೂಗು

ನನಗೆ ಉತ್ಪ್ರೇಕ್ಷೆ ಕಂಡರಾಗದು. "ಊರೆಲ್ಲ ಬಂದಿತ್ತು" ಎಂದು ಯಾರಾದರೂ ಅಂದರೆ ಸಾಕು, "ಎಷ್ಟು ಜನ?" ಎಂದು ಕೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಇಂಥ ನನ್ನನ್ನು ದೇವರು ತಂದು ಎರಡು ಕಡೆ ಸಿಕ್ಕಿಸಿದ್ದಾನೆ. ಮನೆಯಲ್ಲಿ ಕಡ್ಡಿಯನ್ನು ಗುಡ್ಡ ಮಾಡುವ ಸೋದರತ್ತೆ, ಆಫೀಸಿನಲ್ಲಿ ಕಾರ್ಟೂನ್ ಸಿನಿಮಾ.

ಸಿನಿಮಾದಲ್ಲಿ ಬರುವ ಕುರ್ಚಿ, ಬಕೆಟ್ಟು, ಚಮಚಗಳನ್ನು ಒಬ್ಬರು ಕಂಪ್ಯೂಟರಿನಲ್ಲಿ ಬೋಳು ಬೊಂಬೆಯ ಹಾಗೆ ಬೂದು ಬಣ್ಣದಲ್ಲಿ ಮಾಡಿ ಕೊಡುತ್ತಾರೆ. ಅದಕ್ಕೆ ತೊಗಲು ಹೊದಿಸುವವಳು ನಾನು. ಬಣ್ಣ, ತುಕ್ಕು, ಗೀರು, ಕೈ ತಾಗಿ ತಾಗಿ ಬಂದ ಹೊಳಪು ಎಲ್ಲ ನನ್ನ ಕುಂಚದ್ದೇ. ಟೆಕ್ಸ್ಚರ್ ಎನ್ನುತ್ತಾರೆ ಇದಕ್ಕೆ. ಇದುವರೆಗೆ ಹಿಂದೆಲ್ಲೋ ಮಸುಕಾಗಿ ಕಾಣುವ ಬಕೆಟ್ಟುಗಳೇ ನನ್ನ ಪಾಲಿಗೆ ಬರುತ್ತಿದ್ದವು. ಈ ಸಲ ಮೊದಲ ಬಾರಿಗೆ ದೊಡ್ಡ ಪಾತ್ರ ಸಿಕ್ಕಿತ್ತು: ಅಡುಗೆಮನೆ ಕಾಯುವ ಧೀರ ಕೆಟಲ್. ಸಿನಿಮಾದ ಅರ್ಧ ಭಾಗದಲ್ಲಿ ಅದಿದೆ. ಅರ್ಧ ಎಂದರೆ ಅರ್ಧವೇ, ನಾನು ಸುಮ್ಮನೆ ಹೇಳುವವಳಲ್ಲ.

ನಮ್ಮ ಮನೆಯ ಹಳೇ ಕೆಟಲನ್ನೇ ಎದುರಿಗಿಟ್ಟುಕೊಂಡು ಬಣ್ಣ ಹಚ್ಚಿದೆ. ಒಂದು ಗೀರೂ ಬಿಡಲಿಲ್ಲ. ಹೊಟ್ಟೆಯ ಮೇಲಿನ ಪುಟ್ಟ ತಗ್ಗನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಡೈರೆಕ್ಟರಮ್ಮ ನೋಡಿ ಉಸ್ಸೆಂದರು.

"ಇದು ಕೆಟಲ್ ಕಣಮ್ಮ."

"ಕೆಟಲೇ ತಾನೆ ಕೇಳಿದ್ದು?"

"ಬರೀ ಕೆಟಲ್. ಕೋರ್ಟಲ್ಲಿ ಸಾಕ್ಷಿ ಹೇಳೋಕೆ ಬಂದು ನಿಂತ ಹಾಗಿದೆ. ನಮ್ದು ಕಾರ್ಟೂನು, ಸ್ವಲ್ಪ ಬಡಾಯಿ ಕೊಚ್ಚಲಿ. ಸೋಮವಾರದೊಳಗೆ ಸರಿ ಹೋಗದಿದ್ರೆ ಪಾಲಿಶ್‌ಗೆ ಕೊಟ್ಬಿಡ್ತೀನಿ."

ಪಾಲಿಶ್ ಎಂದರೆ ನನ್ನ ಪಕ್ಕದ ಮೇಜಿನವನು. ಇದ್ದಿಲು ಕೊಟ್ಟರೂ ಕನ್ನಡಿಯ ಹಾಗೆ ಮಿಂಚಿಸಿ ಕೊಡುವ ಆಸಾಮಿ. ನಮ್ಮ ಮನೆಯ ಕೆಟಲ್ ಅವನ ಕೈಗೆ ಹೋಗುವುದೆಂದರೆ!

ಭಾನುವಾರ ಬೆಳಿಗ್ಗೆ ಕೆಟಲನ್ನು ಮೇಜಿನ ಮೇಲಿಟ್ಟು, ಗಲ್ಲಕ್ಕೆ ಕೈಕೊಟ್ಟು ಅದರ ಎದುರು ಕೂತಿದ್ದೆ. ಅತ್ತೆ ಅಡುಗೆಮನೆಗೆ ಬಂದವರೇ ನನ್ನ ಮುಖ ನೋಡಿದರು.

"ಯಾರೇ ಹೋಗಿಬಿಟ್ಟಿದ್ದು?"

"ಯಾರೂ ಇಲ್ಲ. ಈ ಕೆಟಲ್ ಬಡಾಯಿ ಕೊಚ್ಚಬೇಕಂತೆ. ಇಲ್ಲಾಂದ್ರೆ ನನ್ನ ಕೈ ತಪ್ಪಿ ಹೋಗುತ್ತೆ."

ಅತ್ತೆಯ ಕಣ್ಣು ಅರಳಿತು. "ಅಯ್ಯೋ ಹುಚ್ಚಿ, ಅದನ್ನ ನನ್ನ ಕೇಳಬಾರದಾ? ಈ ತಗ್ಗು ಹೇಗೆ ಬಿತ್ತು, ಹೇಳು?"

"ಮೀಟರ್ ನೋಡೋಕೆ ಬಂದವರ ಕಾಲ ಮೇಲೆ ನಿಮ್ಮ ಕೈಯಿಂದ ಜಾರಿ ಬಿತ್ತು."

"ಕಳ್ಳ ಕಣೇ! ಬಾಗಿಲಷ್ಟು ಎತ್ತರ!"

"ಹೋದ ಸಲ ಕಿಟಕಿಯಷ್ಟು ಎತ್ತರ ಅಂದಿದ್ರಿ."

"ಬೆಳೆಯೋ ವಯಸ್ಸು ಅವನಿಗೆ. ಇದೇ ಕೆಟಲಲ್ಲಿ ಮೂಗಿನ ಮೇಲೆ ಬಾರಿಸಿದೆ ನೋಡು, ಠಣ್ ಅಂತ!"

"ಮೂಗಿಗೆ ಬಾರಿಸಿದ್ರೆ ಮೂಗಿನ ಅಚ್ಚೆಲ್ಲಿ?" ಎಂದು ಎಂದಿನ ಹಾಗೆ ಪಾಟೀಸವಾಲು ಹಾಕಿದೆ. ಹಾಕಿದವಳು ಹಾಗೇ ಬಾಯಿ ತೆರೆದು ಕೂತೆ. ಹೌದಲ್ಲ, ಅಚ್ಚೆಲ್ಲಿ? ಇರಬೇಕಿತ್ತು!

ಪೋಸ್ಟರ್ ಬಣ್ಣ ತಂದು ನಿಜವಾದ ಕೆಟಲಿನ ಮೇಲೆಯೇ ಶುರು ಹಚ್ಚಿಕೊಂಡೆ. ಬೆರಳಗಲದ ತಗ್ಗಿನ ಸುತ್ತ ಕಡುನೀಲಿ ನೆರಳು ಎಳೆದು, ಅಂಚಿಗೆ ದಪ್ಪನೆಯ ಬಿಳಿ ಗೆರೆ ಕೊಟ್ಟೆ. ನೋಡನೋಡುತ್ತ ಕೆಟಲಿನ ಹೊಟ್ಟೆಯೊಳಗೆ ಒಂದು ಭರ್ಜರಿ ಮೂಗು ಹೂತುಕೊಂಡಿತು.

"ಹೊಳ್ಳೆ ದೊಡ್ಡದು ಮಾಡೇ. ನೆಗಡಿ ಆಗಿತ್ತು ಅವನಿಗೆ."

ಹೊಳ್ಳೆ ದೊಡ್ಡದು ಮಾಡಿದೆ. ಸಣ್ಣಪುಟ್ಟ ಗೀರುಗಳನ್ನೆಲ್ಲ ಬಣ್ಣ ಬಳಿದು ಮುಚ್ಚಿ, ಒಂದೇ ಒಂದನ್ನು ಉಳಿಸಿ, ಅದನ್ನು ಈ ಕಡೆಯಿಂದ ಆ ಕಡೆಗೆ ಎಳೆದೆ.

"ಇದು ಕತ್ತಿ ಏಟು" ಎಂದರು ಅತ್ತೆ.

"ಕತ್ತಿ ಬೇರೆ ಇತ್ತಾ?"

"ಈಗ ನೆನಪಾಯ್ತು."

ನಾನು ನಕ್ಕ ನಗುವಿಗೆ ಕುಂಚದ ಬಣ್ಣ ಗೋಡೆಗೆ ಹಾರಿತು. ಆಮೇಲೆ ನಮಗಿಬ್ಬರಿಗೂ ಹಿಡಿತ ತಪ್ಪಿತು. ಹಿಡಿಕೆಯ ಮೇಲೆ ಅತ್ತೆಯ ಬೆರಳುಗಳ ಸವೆತ ಬಂತು, ಒಂದೊಂದೂ ಬಾಳೆಹಣ್ಣಿನ ಗಾತ್ರ. ಸಕ್ಕರೆ ಡಬ್ಬಿಗೆ ನೆರಳು, ಸೌಟಿಗೆ ಮಿಂಚು, ಮೇಜಿನ ಅಂಚಿಗೆಲ್ಲ ಕಪ್ಪು ಗೆರೆ. "ನನ್ನನ್ಯಾಕೆ ಬಿಟ್ಟೆ?" ಎಂದು ಅತ್ತೆ ಮುಖ ಮುಂದೆ ಮಾಡಿದರು. ಕನ್ನಡಕದ ಚೌಕಟ್ಟಿಗೆ ಒಂದು ಬಿಳಿ ಮಿಂಚು, ಏಪ್ರನ್ನಿನ ಅಂಚಿಗೆ ಗೆರೆ, ಮೂಗಿನ ತುದಿಗೆ ಒಂದು ಚುಕ್ಕೆ ಇಟ್ಟೆ. ಅತ್ತೆ ಕೆಟಲನ್ನು ಕಪ್‌ ಗೆದ್ದವರ ಹಾಗೆ ಎತ್ತಿ ಹಿಡಿದು ಹಲ್ಲೆಲ್ಲ ಕಾಣುವಂತೆ ನಕ್ಕರು. ಫೋಟೋ ತೆಗೆದೆ.

ಸೋಮವಾರ ಆಫೀಸಿನಲ್ಲಿ, ನೋಡಿಕೊಂಡು ಬರೆಯಲೆಂದು ಆ ಫೋಟೋ ತೆರೆದಿಟ್ಟಿದ್ದೆ. ನಾನು ಬಾಯಿ ತೆರೆಯುವ ಮುಂಚೆಯೇ ಡೈರೆಕ್ಟರಮ್ಮ ಹಿಂದೆ ಬಂದು ನಿಂತಿದ್ದರು.

"ಇದೇ! ಇದೇ ಕಣಮ್ಮ! ಬನ್ರೋ ಎಲ್ಲ, ಎಂಥಾ ರೆಂಡರ್ ನೋಡಿ!"

ಕಂಪ್ಯೂಟರು ಕೊನೆಗೆ ಸಿದ್ಧ ಮಾಡಿ ಕೊಡುವ ಚಿತ್ರಕ್ಕೆ ನಾವು ರೆಂಡರ್ ಎನ್ನುತ್ತೇವೆ. ಹಗಲೆಲ್ಲ ಅದನ್ನೇ ನೋಡುವ ನಮ್ಮವರಿಗೆ ಕಿಟಕಿಯಾಚೆಯ ಮರವೂ ರೆಂಡರೇ. ಪಾಲಿಶ್ ಕೂಡ ಕತ್ತು ಚಾಚಿ, "ಬೆಳಕು ಸೂಪರ್" ಎಂದು ಒಲ್ಲದ ಮನಸ್ಸಿನಿಂದ ಒಪ್ಪಿದ.

"ಕೆಟಲ್ ಓಕೆ, ಆ ಮೂಗು ಬೇಕೇ ಬೇಕು" ಎಂದರು ಡೈರೆಕ್ಟರಮ್ಮ. "ಆದ್ರೆ ಈ ಅಜ್ಜಿ ಅತಿಯಾಯ್ತು. ಇಷ್ಟು ಸುಕ್ಕು, ಇಷ್ಟು ದೊಡ್ಡ ನಗು! ಒಂದು ಕೆಟಲ್‌ಗೆ ಇಷ್ಟು ಖುಷಿ ಯಾರು ಪಡ್ತಾರೆ? ನಂಬೋ ಹಾಗಿಲ್ಲ. ಸ್ವಲ್ಪ ಕಡಿಮೆ ಮಾಡು."

ಸುಮ್ಮನಿದ್ದಿದ್ದರೆ ಕೆಟಲ್ ನನ್ನದಾಗುತ್ತಿತ್ತು. ಆದರೆ ನನ್ನ ನಾಲಿಗೆ ನನ್ನದೇ ತಾನೆ.

"ಕಡಿಮೆ ಆಗಲ್ಲ ಮೇಡಂ. ಅದು ಫೋಟೋ. ಅವರು ನಮ್ಮತ್ತೆ. ಅವರು ಇರೋದೇ ಅಷ್ಟು."

ಅಂದ ಮೇಲೆ ಹೊಳೆಯಿತು. ಸ್ವಲ್ಪ ಕಡಿಮೆ ಮಾಡಿ ಎಂದು ಇಷ್ಟು ಕಾಲ ಅತ್ತೆಗೆ ಹೇಳುತ್ತಾ ಬಂದವಳು ನಾನೇ ಅಲ್ಲವೇ? ಡೈರೆಕ್ಟರಮ್ಮ ಪರದೆಗೆ ಮೂಗು ತಾಗಿಸಿ ನೋಡಿದರು, ಆಮೇಲೆ ಕುರ್ಚಿಯಲ್ಲಿ ಕುಸಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಹಾಗಾದ್ರೆ ಕೂತ್ಕೊಂಡು ಕಂಪ್ಯೂಟರಿಗೆ ಇಳಿಸು. ಹೊಳ್ಳೆ ಒಂಚೂರೂ ಚಿಕ್ಕದಾಗಬಾರದು."

ಸಂಜೆಯ ಹೊತ್ತಿಗೆ ಕೆಟಲ್ ಪರದೆಯ ಮೇಲೆ ಎದೆಯುಬ್ಬಿಸಿ ನಿಂತಿತ್ತು, ನನ್ನ ಕೈಕೆಲಸವಾಗಿಯೇ. ಪಾಲಿಶ್ ತನ್ನ ಬಕೆಟ್ಟಿಗೆ ಮರಳಿದ.

ಮನೆಗೆ ಬಂದರೆ ಅತ್ತೆ, ಕೆಟಲಿನ ಬಣ್ಣ ಹೋದೀತೆಂದು, ಬೇರೆ ಪಾತ್ರೆಯಲ್ಲಿ ನೀರು ಕಾಯಿಸುತ್ತಿದ್ದರು. ಕನ್ನಡಕದ ಮೂಲೆಯಲ್ಲಿ ಬಿಳಿ ಮಿಂಚು ಇನ್ನೂ ಹಾಗೇ ಇತ್ತು.

"ಏನಂದ್ರೇ? ನನ್ನ ನೋಡಿದ್ರಾ?"

"ನೋಡಿದ್ರು. ಎದ್ದು ನಿಂತು ಚಪ್ಪಾಳೆ ತಟ್ಟಿದ್ರು."

ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ನನ್ನದೇ ಧಾಟಿಯಲ್ಲಿ ಕೇಳಿದರು: "ಎಷ್ಟು ಜನ?"

ನಮ್ಮ ಆಫೀಸಿನಲ್ಲಿರುವವರು ಒಂಬತ್ತು ಜನ.

"ಊರೆಲ್ಲ ಬಂದಿತ್ತು ಅತ್ತೆ" ಎಂದೆ.