ಅತ್ತಿಗೆ ಕೂಗದ ಹೆಸರು

ನಮ್ಮ ದೇಶದ ಹೆಂಗಸರ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ನಮ್ಮ ಮನೆಯಲ್ಲೇ ಇದ್ದಾಳೆ. ಬೆಳಗ್ಗೆ ಎದ್ದು ಅಂಗಳ ಗುಡಿಸಿ, ಒಲೆ ಹಚ್ಚಿ, ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸಿ, ಆಮೇಲೆ ಕೈಗವಸು ಚೀಲಕ್ಕೆ ತುರುಕಿಕೊಂಡು ಎರಡು ವ್ಯಾನು ಬದಲಿಸಿ ಮೈದಾನಕ್ಕೆ ಹೋಗುತ್ತಾಳೆ. ನನ್ನ ಅಣ್ಣನ ಹೆಂಡತಿ ಬೆಗಾಯಿಮ್. ಅಣ್ಣ ರಷ್ಯಾದಲ್ಲಿ ಲಾರಿ ಓಡಿಸುತ್ತಾನೆ, ಫೋನಿನಲ್ಲಿ ಸ್ಕೋರು ಕೇಳುತ್ತಾನೆ. ನಮ್ಮ ರಾಜಧಾನಿ ಬಿಷ್ಕೆಕ್‌ನಲ್ಲಿ ಯಾರಿಗೆ ಈ ವಿಷಯ ಹೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ: “ನಮಗೆ ಹೆಂಗಸರ ತಂಡ ಇದೆಯಾ?” ಇದೆ ಕಣ್ರೋ, ಇದೆ. ಗಂಡಸರು ಸೋತು ಬಂದರೆ ನೀವು ವಾರವಿಡೀ ಚಹಾದಂಗಡಿಯಲ್ಲಿ ಕೂತು ಅಳುತ್ತೀರಿ. ಇವರು ಗೆದ್ದು ಬಂದ ದಿನ ವಿಮಾನ ನಿಲ್ದಾಣಕ್ಕೆ ಹೋದವನು ನಾನೊಬ್ಬನೇ. ಅದೂ ಟೈರ್ ಅಂಗಡಿಯ ಮುರುಕು ವ್ಯಾನಿನಲ್ಲಿ.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಎರ್ಮೆಕ್. ಓಶ್ ಬಜಾರಿನ ಹಿಂದೆ ಪಂಕ್ಚರ್ ಹಾಕುತ್ತೇನೆ. ಅತ್ತಿಗೆ ನನ್ನನ್ನು ಎರ್ಮೆಕ್ ಅನ್ನುವುದಿಲ್ಲ, ಗುಡುಗು ಅನ್ನುತ್ತಾಳೆ. ಗಂಡನ ಮನೆಯವರ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಮದುವೆಯಾಗಿ ಬಂದ ವಾರದಲ್ಲೇ ಅವಳೇ ಎಲ್ಲರಿಗೂ ಒಂದೊಂದು ಹೆಸರು ಇಟ್ಟುಕೊಳ್ಳಬೇಕು. ತೀರಿಹೋದ ನಮ್ಮಪ್ಪನ ಹೆಸರು ತೆಮಿರ್, ಅಂದರೆ ಕಬ್ಬಿಣ. ಹಾಗಾಗಿ ಅತ್ತಿಗೆಗೆ ಕಬ್ಬಿಣವೂ ಕಬ್ಬಿಣವಲ್ಲ, ‘ಗಟ್ಟಿಯದು’. ಅಮ್ಮನ ಹೆಸರು ಉಲ್ಕಾನ್. ಬಜಾರಿನಲ್ಲಿ ಹಿಟ್ಟು ಮಾರುವವಳೂ ಉಲ್ಕಾನ್, ಅವಳನ್ನು ಅತ್ತಿಗೆ ‘ಹಿಟ್ಟಿನಮ್ಮ’ ಅನ್ನುತ್ತಾಳೆ. ಇದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ.

ಈ ವಸಂತದಲ್ಲಿ ನರೀನ್ ಬೆಟ್ಟದ ಕಡೆಯಿಂದ ತಂಡಕ್ಕೆ ಹೊಸ ಡಿಫೆಂಡರ್ ಬಂದಳು. ಹತ್ತೊಂಬತ್ತರ ಹುಡುಗಿ, ಕುದುರೆ ಮರಿಯಂಥ ಕಾಲು. ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ಅವಳ ತಲೆ ಇರುತ್ತದೆ. ಮನೆಯವರು ಅವಳಿಗೆ ಅಜ್ಜಿಯ ಹೆಸರಿಟ್ಟಿದ್ದರು. ಉಲ್ಕಾನ್.

ಕಝಕ್ ಹುಡುಗಿಯರ ಜೊತೆ ಅಭ್ಯಾಸ ಪಂದ್ಯ ನಡೆಯಿತು. ಚೆಂಡು ಮೇಲೆ ಹಾರಿ ಬಂತು. ಅತ್ತಿಗೆ ಹಿಡಿಯಲು ಮುಂದೆ ಓಡಿದಳು. ಆ ಹುಡುಗಿ ಚೆಂಡು ನೋಡುತ್ತಾ ಹಿಂದೆ ಹಿಂದೆ ಓಡಿ ಬಂದಳು. ಒಂದು ಮಾತು ಸಾಕಿತ್ತು. ಅತ್ತಿಗೆ ಬಾಯಿ ತೆರೆದು “ಏಯ್!” ಅಂದಳು. ಆ ಹುಡುಗಿ ಒಬ್ಬಳನ್ನು ಬಿಟ್ಟು ಮೈದಾನದಲ್ಲಿದ್ದವರೆಲ್ಲ ತಿರುಗಿದರು. ಅತ್ತಿಗೆಯ ಮುಷ್ಟಿ ಹೋಗಿ ಅವಳ ಹುಬ್ಬಿಗೆ ಬಡಿಯಿತು. ರಕ್ತ ಬಂತು, ಚೆಂಡು ಬಲೆಗೆ ಬಿತ್ತು.

ಮಾರನೆಯ ದಿನ ಚೆಂಡುಗಳಿಗೆ ಗಾಳಿ ತುಂಬಿಕೊಡಲು ನಾನು ಮೈದಾನಕ್ಕೆ ಹೋಗಿದ್ದೆ. ಕೋಚ್ ಜಿಪಾರಕ್ಕ ಅತ್ತಿಗೆಯನ್ನು ಎಲ್ಲರೆದುರೇ ನಿಲ್ಲಿಸಿಕೊಂಡಿದ್ದಳು.

“ಬಾಯಲ್ಲಿ ಏನ್ ಇಟ್ಕೊಂಡಿದ್ಯೇ? ಕರಿದ ಬೋರ್ಸೋಕಾ?”

“ಕೂಗಿದೆ ಅಕ್ಕ.”

“ಏನಂತ?”

“ಏಯ್ ಅಂತ.”

“ಏಯ್ ಅಂದ್ರೆ ಯಾರು? ಲೈನ್ಸ್‌ಮನ್ನೂ ತಿರುಗಿ ನೋಡ್ದ ಕಣೇ!”

ಹುಡುಗಿಯರೆಲ್ಲ ನಕ್ಕರು. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಉಲ್ಕಾನ್ ನಗಲು ಹೋಗಿ “ಅಯ್ಯಮ್ಮಾ” ಅಂದಳು. ಆಮೇಲೆ ಅವಳೇ ಅತ್ತಿಗೆಯ ಪರ ಮಾತಾಡಿದಳು: “ಉದ್ದಿ ಅಂತ ಕರೀತೀನಿ ಅಂದಿದ್ಲು ಅಕ್ಕ, ನಾನೂ ಒಪ್ಕೊಂಡಿದ್ದೆ. ಆದ್ರೆ ಓಡ್ತಿರುವಾಗ ಉದ್ದಿ ಅಂದ್ರೆ ನಾನು ಅಂತ ನಂಗೇ ನೆನಪಾಗಲ್ಲ.”

“ಆಗಲ್ಲ. ಯಾರಿಗೂ ಆಗಲ್ಲ,” ಅಂದಳು ಜಿಪಾರಕ್ಕ. “‘ನಂದು ನಂದು’ ಅಂತ ಎದುರಿನವರೂ ಕೂಗ್ತಾರೆ. ಹುಟ್ಟಿದಾಗಿನ ಹೆಸರು ಹಿಡಿದು ಕೂಗಿದ್ರೆ ಮಾತ್ರ ಕುತ್ತಿಗೆ ತಾನಾಗೇ ತಿರುಗೋದು. ಬೆಗಾಯಿಮ್, ಶನಿವಾರ ತಾಜಿಕ್ ಹುಡುಗೀರು ಬರ್ತಾರೆ. ಇನ್ನೊಂದು ಸಲ ನಿನ್ನ ಬಾಯಿ ಕಟ್ಟಿತು ಅಂದ್ರೆ ಗವಸು ಬಿಚ್ಚಿ ಇನ್ನೊಬ್ಬಳಿಗೆ ಕೊಡು. ಅವತ್ತಿಗಷ್ಟೇ ಅಲ್ಲ, ಪೂರ್ತಿ. ಇಷ್ಟು ವರ್ಷ ನೀನೇ ನಿಂತಿದೀಯ ಅಂತ ಮುಖ ನೋಡಲ್ಲ ನಾನು.”

ವಾಪಸ್ಸು ಬರುವಾಗ ವ್ಯಾನಿನಲ್ಲಿ ನನಗೆ ತಡೆಯಲಾಗಲಿಲ್ಲ. “ಹೇಳ್ಬಿಡು ಅತ್ತಿಗೆ! ಒಂದು ಹೆಸರು! ಯಾವ ಕಾಲದಲ್ಲಿದೀವಿ ನಾವು? ಆ ಮುದುಕೀರೆಲ್ಲ ಸೇರಿ ನಿನ್ನ ಬಾಯಿಗೆ ಬೀಗ ಹಾಕಿದ್ರೆ ನೀನೂ ಹಾಕಿಸ್ಕೊಂಡು ಕೂತಿದೀಯಲ್ಲ!”

“ಗುಡುಗು, ರಸ್ತೆ ನೋಡು.”

“ನೋಡ್ತಾನೇ ಇದೀನಿ!”

“ಕೆಂಪು ದೀಪ ದಾಟ್ದೆ.”

ಬ್ರೇಕ್ ಒತ್ತಿದೆ. ಹಿಂದಿನವನು ಹಾರ್ನ್ ಹೊಡೆದ, ನಾನು ಅವನ ತಾಯಿಯನ್ನು ಬಿಟ್ಟು ಉಳಿದವರನ್ನೆಲ್ಲ ಬೈದೆ. ಅತ್ತಿಗೆ ಬೆರಳಿಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತಾ ಹೇಳಿದಳು: “ನಂಗೆ ಯಾರೂ ಬಾಯಿ ಹೊಲ್ದಿಲ್ಲ. ನಾನೇ ಮುಚ್ಕೊಂಡಿರೋದು. ಸಂಬಂಧ ಕೂಡಿ ಬಂದಾಗ ನಿಮ್ಮ ಸೋದರತ್ತೆ ಏನಂದ್ರು ನೆನಪಿದ್ಯಾ? ಚಡ್ಡಿ ಹಾಕ್ಕೊಂಡು ಓಡೋಳು ಬೇಡ ಅಂದ್ರು. ‘ಚೆಂಡು ಹಿಡಿಯೋಳು ಮನೆ ಹಿಡಿಯಲ್ವಾ’ ಅಂತ ಅಮ್ಮ ಅಂದ್ರು. ಒಂದು ದಿನ, ಒಂದೇ ಒಂದು ದಿನ, ಪ್ರಾಕ್ಟೀಸಿಗೆ ಹೋಗ್ಬೇಡ ಅಂದಿಲ್ಲ. ನಾನು ಅವರಿಗೆ ತಿರುಗಿ ಕೊಟ್ಟಿರೋದು ಇದೊಂದೇ.”

ನನಗೆ ಬೈಯುವುದಕ್ಕೆ ಒಬ್ಬರು ಬೇಕಿತ್ತು. ಮನೆಗೆ ಬಂದವನೇ ನೇರ ಅಡುಗೆಮನೆಗೆ ನುಗ್ಗಿದೆ. ಅಮ್ಮ ಹಿಟ್ಟು ನಾದುತ್ತಿದ್ದಳು.

“ನಿನ್ನ ಹೆಸರಿನಿಂದ ಒಬ್ಬಳ ಹುಬ್ಬು ಒಡೀತು, ಇನ್ನೊಬ್ಬಳ ಜಾಗ ಹೋಗ್ತಿದೆ!” ಅಂತ ಶುರು ಮಾಡಿ ಎಲ್ಲವನ್ನೂ ಹೇಳಿದೆ.

ಅಮ್ಮ ನಾದುವುದನ್ನು ನಿಲ್ಲಿಸಲಿಲ್ಲ. “ನಾನು ಯಾವಾಗ ಬೇಡ ಅಂದೆ?”

“ಹಾಗಾದ್ರೆ ಕೂಗು ಅಂತ ಹೇಳು!”

“ನನ್ನ ಹೆಸರು ಹಿಡಿದು ಕೂಗು ಅಂತ ಯಾವ ಅತ್ತೆ ಹೇಳ್ತಾಳೋ? ಅವಳಾಗಿ ಇಟ್ಟ ಮರ್ಯಾದೆ ಅದು. ನಂಗೆ ಬೇಡಮ್ಮ ತಗೋ ಅಂತ ಮುಖಕ್ಕೆ ಎಸೀಲಾ? ನಾಳೆ ಅವಳು ಏನಂದ್ಕೋತಾಳೆ?”

ನೋಡಿ ಹೇಗಿದೆ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ಕೂತಿದ್ದರು, ಮಧ್ಯೆ ದೇಶಕ್ಕೆ ಗೋಲು ಬೀಳುತ್ತಿತ್ತು. ನಾನು ಬಾಗಿಲು ಧಡಾರನೆ ಹಾಕಿಕೊಂಡು ಹೊರಟೆ. ಒಳಗಿಂದ ಅಮ್ಮನ ಮಾತು ಬಂತು: “ಶನಿವಾರ ನನ್ನನ್ನೂ ಕರ್ಕೊಂಡು ಹೋಗು. ಬಾಗಿಲು ಮುರೀಬೇಡ.”

ಅಮ್ಮ ಅದುವರೆಗೆ ಸ್ಟೇಡಿಯಂ ಕಂಡವಳಲ್ಲ. ಸುದ್ದಿ ತಿಳಿದ ಬುರುಲ್ ಅತ್ತೆಯೂ ಹೊರಟು ನಿಂತಳು. ಚಡ್ಡಿಯ ವಿಷಯ ಎತ್ತಿದ್ದ ಸೋದರತ್ತೆ ಇವಳೇ, ಅಪ್ಪನ ಅಕ್ಕ. ಚೀಲದ ತುಂಬ ಸೂರ್ಯಕಾಂತಿ ಬೀಜ ತಂದಿದ್ದಳು. ಗೋಲ್ ಕಂಬದ ಹಿಂದಿನ ಮೆಟ್ಟಿಲಲ್ಲಿ ಕೂತೆವು. ಜನ ಅಲ್ಲೊಬ್ಬ ಇಲ್ಲೊಬ್ಬ. ಬಿಳಿ ಟೋಪಿಯ ನಾಲ್ಕು ಮುದುಕರು ಬಿಸಿಲು ಕಾಯಲು ಬಂದಿದ್ದರು.

ಮೊದಲರ್ಧದಲ್ಲಿ ಅತ್ತಿಗೆ ಆ ಕಡೆಯ ಗೋಲಿನಲ್ಲಿ ನಿಂತಿದ್ದಳು. ಅಷ್ಟು ದೂರದಿಂದ ಕೂಗಿದ್ದು ಕೇಳಿಸುವುದಿಲ್ಲ, ಆದರೆ ಕೂಗದೇ ಇದ್ದದ್ದು ಕಾಣಿಸಿತು. ಚೆಂಡು ಪುಟಿಯುತ್ತಾ ಬಂತು. ಹುಬ್ಬಿಗೆ ಪಟ್ಟಿ ಕಟ್ಟಿದ ಉಲ್ಕಾನ್ ನಿಂತಳು, ಅತ್ತಿಗೆಯೂ ನಿಂತಳು. ನೀನು ತಗೋ, ನೀನು ತಗೋ. ತಾಜಿಕ್ ಹುಡುಗಿಯೊಬ್ಬಳು ಇಬ್ಬರ ಮಧ್ಯೆ ಮದುವೆ ಮನೆಗೆ ಬಂದವಳ ಹಾಗೆ ನಡೆದು ಬಂದು ಕಾಲು ತಗುಲಿಸಿದಳು. ಗೋಲು.

“ಆ ಪಟ್ಟಿ ಹುಡುಗಿ ಯಾಕೋ ನಿಂತ್ಬಿಟ್ಲು?” ಅಮ್ಮ ಕೇಳಿದಳು.

“ಯಾರೂ ಕರೀಲಿಲ್ಲವಲ್ಲ, ಅದಕ್ಕೆ.”

ಅಮ್ಮ ಬೀಜದ ಸಿಪ್ಪೆ ಉಗುಳುವುದನ್ನು ಮರೆತು ಬಾಯಲ್ಲೇ ಇಟ್ಟುಕೊಂಡಳು.

“ತೊಡೆ ತೋರಿಸ್ಕೊಂಡು ಸೋಲೋದು ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?” ಅಂದಳು ಬುರುಲ್ ಅತ್ತೆ.

“ಗಂಡಸರಿಗಿರೋದೂ ತೊಡೆನೇ ಅತ್ತೆ. ಅವರು ಸೋಲೋದನ್ನ ಕೊನೇವರೆಗೂ ಕೂತು ನೋಡ್ತೀಯಲ್ಲ!”

“ನೋಡೇ, ನಿನ್ನ ಮಗನ ನಾಲಿಗೆ!”

“ಇಬ್ರೂ ಮುಚ್ಚಿ,” ಅಂದಳು ಅಮ್ಮ. “ಆಟ ನೋಡ್ಬೇಕು ನಂಗೆ.”

ವಿರಾಮದಲ್ಲಿ ಜಿಪಾರಕ್ಕ ಎರಡನೆಯ ಗೋಲ್‌ಕೀಪರನ್ನು ಎಬ್ಬಿಸಿ ಮೈ ಬಿಸಿ ಮಾಡಿಕೋ ಅಂದಳು. ದ್ವಿತೀಯಾರ್ಧಕ್ಕೆ ಅತ್ತಿಗೆ ನಮ್ಮ ಕಡೆಯ ಗೋಲಿಗೆ ಬಂದಳು. ಅಮ್ಮ ಕಂಡದ್ದೇ ತಡ, ಅಲ್ಲೇ ಕಂಬದ ಪಕ್ಕ, ಗವಸು ತೊಟ್ಟ ಕೈಯನ್ನು ಮಂಡಿಗಿಟ್ಟು ಸೊಸೆಯಂದಿರು ಬಗ್ಗುವ ಹಾಗೆ ಬಗ್ಗಿದಳು. ಬುರುಲ್ ಅತ್ತೆಯ ಮುಖ ಅರಳಿತು. ನಾನು ಕಂಬಿ ಹಿಡಿದು ಅರಚಿದೆ: “ಬಗ್ಗಿದ್ದು ಸಾಕು, ಬಾಯಿ ಬಿಡು!”

“ಸುಮ್ನೆ ಕೂತ್ಕೋ ಗುಡುಗು. ಗೋಲ್ ಕಾಯೋಳು ನಾನು,” ಅಂದು ಬೆನ್ನು ತಿರುಗಿಸಿದಳು.

ಫ್ರೀ ಕಿಕ್ಕೊಂದರಲ್ಲಿ ನಮ್ಮವರು ಒಂದು ಗೋಲು ವಾಪಸ್ಸು ಹೊಡೆದರು. ಮುದುಕರು ಟೋಪಿ ಬೀಸಿದರು. ತಾಜಿಕ್ ಹುಡುಗಿಯರು ಸಿಟ್ಟಿಗೆದ್ದು ಮೇಲೆ ಬಿದ್ದರು. ಎಡಗಡೆಯಿಂದ ಚೆಂಡು ಎತ್ತರಕ್ಕೆ ಹಾರಿತು. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಉಲ್ಕಾನ್ ಹಿಂದೆ ಹಿಂದೆ ಓಡತೊಡಗಿದಳು. ಅತ್ತಿಗೆ ಮುಂದೆ ಓಡಿದಳು. ಅಭ್ಯಾಸ ಪಂದ್ಯದಲ್ಲಿ ಆದದ್ದೇ ಮತ್ತೆ. ಹುಬ್ಬಿನ ಮೇಲೆ ಆ ಬಿಳಿ ಪಟ್ಟಿ ಇನ್ನೂ ಇತ್ತು, ಹೊಲಿಗೆ ಇನ್ನೂ ಹಸಿ. ಈ ಸಲ ಬಡಿದರೆ ಕಣ್ಣೇ ಹೋಗುತ್ತದೆ.

“ಉಲ್ಕಾನ್! ಬಿಡೇ! ನಂದು!”

ಕುತ್ತಿಗೆ ತಿರುಗಿತು. ಹುಡುಗಿ ಕುಕ್ಕರುಬಡಿದಳು. ಅತ್ತಿಗೆ ಅವಳ ಬೆನ್ನ ಮೇಲಿಂದ ಹಾರಿ ಎರಡೂ ಕೈಯಲ್ಲಿ ಚೆಂಡನ್ನು ಗಬಕ್ಕನೆ ಹಿಡಿದಳು.

ನನ್ನ ಪಕ್ಕದಲ್ಲಿ ಅಮ್ಮ ಅರ್ಧ ಎದ್ದು ನಿಂತಿದ್ದಳು. ಅಪ್ಪ ಹೋದ ಮೇಲೆ ಆ ಹೆಸರನ್ನು ಯಾರೂ ಅಷ್ಟು ಜೋರಾಗಿ ಕೂಗಿರಲಿಲ್ಲ.

“ಕೇಳಿಸ್ತಾ?” ಬುರುಲ್ ಅತ್ತೆ ಅಮ್ಮನ ತೋಳು ಹಿಡಿದಳು. “‘ಬಿಡೇ’ ಅಂದ್ಲು! ಮೇಕೆ ಅಟ್ಟೋ ಹಾಗೆ! ಇಷ್ಟು ಜನದ ಮುಂದೆ!”

ಅಮ್ಮ ನಿಧಾನಕ್ಕೆ ಕೂತಳು. “ನಂಗಲ್ಲ ಅಕ್ಕಾ. ನಂಗಾಗಿದ್ರೆ ನಾನು ಬಿಡ್ತಿದ್ನಾ?”

ಅಷ್ಟರಲ್ಲಿ ಅತ್ತಿಗೆ ಚೆಂಡನ್ನು ಬಲಗಡೆಗೆ ಬೀಸಿ ಎಸೆದಾಗಿತ್ತು. ಅಲ್ಲಿದ್ದವಳು ಓಡಿದಳು, ಇನ್ನೊಬ್ಬಳಿಗೆ ಕೊಟ್ಟಳು, ಅವಳು ಬಾರಿಸಿದಳು. ಎರಡು–ಒಂದು. ನಾನು ಏನೇನು ಕೂಗಿದೆನೋ ಗೊತ್ತಿಲ್ಲ, ಮುಂದಿನ ಸಾಲಿನ ಮುದುಕ ತನ್ನ ಟೋಪಿ ತೆಗೆದು ಕಿವಿಗೆ ಮುಚ್ಚಿಕೊಂಡ. ಎರಡನೆಯ ಗೋಲ್‌ಕೀಪರ್ ಮತ್ತೆ ಜಾಕೆಟ್ ಹಾಕಿಕೊಂಡು ಬೆಂಚಿನಲ್ಲಿ ಕೂತಳು.

ಆಮೇಲೆ ಅತ್ತಿಗೆಯ ಬಾಯಿ ನಿಲ್ಲಲಿಲ್ಲ. “ಉಲ್ಕಾನ್, ಎಡಕ್ಕೆ! ಉಲ್ಕಾನ್, ಅವಳನ್ನ ನೋಡು! ಉಲ್ಕಾನ್, ನಿದ್ದೆ ಮಾಡ್ತಿದೀಯಾ?” ಒಂದೊಂದು ಕೂಗಿಗೂ ಅಮ್ಮ ಬೆಚ್ಚಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಕೊನೆಕೊನೆಗೆ ನಗು ತಡೆಯಲಾಗದೆ ಮುಸುಕಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಬುರುಲ್ ಅತ್ತೆ ಬೀಜದ ಚೀಲವನ್ನು ಗಂಟು ಹಾಕಿ ಮಡಿಲಲ್ಲಿಟ್ಟುಕೊಂಡು ಯಾರಿಗೂ ಕೊಡಲಿಲ್ಲ.

ಸೀಟಿ ಮೊಳಗಿತು. ಗೆದ್ದೆವು. ಅತ್ತಿಗೆ ಕೆಂಪು ಮುಖ ಮಾಡಿಕೊಂಡು ಕಂಬಿಯ ಹತ್ತಿರ ಬಂದಳು. ಹುಲ್ಲು ಮೆತ್ತಿದ ಮಂಡಿಗೆ ಕೈಯಿಟ್ಟು ಬಗ್ಗಿದಳು. ಎದ್ದು ನಿಂತ ಮೇಲೂ ಕಣ್ಣು ಮೇಲೆತ್ತಲಿಲ್ಲ.

“ನೂರ್ಕಾಲ ಬಾಳು,” ಅಂದಳು ಅಮ್ಮ. “ಮೊದಲ್ನೇ ಸಲಕ್ಕೇ ಕೂಗಿದ್ರೆ ಆ ಗೋಲೂ ಬೀಳ್ತಿರ್ಲಿಲ್ಲ.”

ಅತ್ತಿಗೆ ಕಣ್ಣೆತ್ತಿದಳು. “ಇಲ್ಲ ಅಮ್ಮ. ಇನ್ನು ಬೀಳಲ್ಲ.”

“ಗಂಟಲು ಚೆನ್ನಾಗಿದೆ ನಿಂದು. ಆ ಹುಡುಗೀನ ಕರಿ, ಹುಬ್ಬು ನೋಡ್ಬೇಕು ನಾನು. ನರೀನ್‌ನಲ್ಲಿ ಯಾರ ಮಗಳು ಅಂತ ಕೇಳ್ಬೇಕು.”

ಉಲ್ಕಾನ್ ಮೈದಾನದ ಆ ತುದಿಯಲ್ಲಿ ನೀರಿನ ಬಾಟಲಿ ಹಿಡಿದು ಯಾರ ಜೊತೆಗೋ ನಗುತ್ತಿದ್ದಳು. ಅತ್ತಿಗೆ ಅತ್ತ ತಿರುಗಿದಳು. ಬುರುಲ್ ಅತ್ತೆ ಕುತ್ತಿಗೆ ಚಾಚಿದಳು. ಅತ್ತಿಗೆ ಬಾಯಿ ತೆರೆಯಲಿಲ್ಲ. ಗವಸು ಬಿಚ್ಚಿ ಕಂಬಿಗೆ ಸಿಕ್ಕಿಸಿ, ಅಷ್ಟುದ್ದದ ಮೈದಾನವನ್ನು ದಣಿದ ಕಾಲಿನಲ್ಲೇ ಪೂರ್ತಿ ನಡೆಯಲು ಹೊರಟಳು.

“ಇಲ್ಲಿಂದ್ಲೇ ಕೂಗಿದ್ರೆ ಏನಾಗ್ತಿತ್ತು!” ಅಂತ ನಾನು ರೇಗಿದೆ.

“ಆಟ ಮುಗೀತಲ್ಲೋ,” ಅಂದಳು ಅಮ್ಮ, ಕೂತಲ್ಲೇ ಪಕ್ಕಕ್ಕೆ ಸರಿದು ಇನ್ನಿಬ್ಬರಿಗೆ ಜಾಗ ಮಾಡುತ್ತಾ.