ನಲವತ್ತೆಂಟು ಶನಿವಾರಗಳು

ನನ್ನ ತಂಗಿ ಯೋಕ್ ಲಾನ್‌ಗೆ ಸಹಿ ಹಾಕಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅವಳನ್ನು ಸಮಿತಿಗೆ ಸೇರಿಸಿಕೊಂಡರು. ಬುದ್ಧಿ ಬೆಳವಣಿಗೆ ಕಡಿಮೆ ಇರುವವರಿಗೆ ಆಟ ಕಲಿಸುವ ಸಂಘ ಅದು; ನಮ್ಮ ಇಪೋ ಊರಿನಲ್ಲಿ ಅದಕ್ಕೆ ದೊಡ್ಡ ಹೆಸರು. ವಾರ್ಷಿಕ ವರದಿಗೆ ಆಟಗಾರರೊಬ್ಬರ ಸಹಿ ಇರಲೇಬೇಕೆಂದು ಕ್ವಾಲಾಲಂಪುರದ ಕೇಂದ್ರ ಕಚೇರಿ ಆ ವರ್ಷ ನಿಯಮ ಮಾಡಿತ್ತು. ಯೋಕ್ ಲಾನ್ ನಾಲಿಗೆ ಕಚ್ಚಿಕೊಂಡು, ಒಂದೊಂದು ಅಕ್ಷರವನ್ನೂ ಗೆರೆಯ ಮೇಲೆ ಕೂರಿಸಿ ಹೆಸರು ಬರೆಯುತ್ತಾಳೆ. ಅವರಿಗೆ ಅಷ್ಟು ಸಾಕಾಗಿತ್ತು.

ಅಧ್ಯಕ್ಷೆ ದಾತಿನ್ ಖೂ. ಗಂಡನಿಗೆ ಸರ್ಕಾರಿ ಬಿರುದು ಸಿಕ್ಕು, ಅದರಿಂದ ತಾನೂ ‘ದಾತಿನ್’ ಆದ ದಿನದಿಂದ ನೆಲ ನೋಡಿ ನಡೆಯುವುದನ್ನು ಬಿಟ್ಟ ಹೆಂಗಸು. ಮೂವತ್ತೆಂಟು ವರ್ಷದ ನನ್ನ ತಂಗಿಯನ್ನು ‘ಪುಟ್ಟಿ’ ಎಂದು ಕರೆದು ತಲೆ ಸವರುತ್ತಿದ್ದಳು. ಸವರಿದ ಮೇಲೆ ಕೈ ಒರೆಸಿಕೊಳ್ಳುತ್ತಿದ್ದಳು.

ಸಭೆ ನಡೆದದ್ದು ಹೋಟೆಲೊಂದರ ತಣ್ಣನೆಯ ಕೋಣೆಯಲ್ಲಿ. ಜೊತೆಗೆ ಬಂದವಳೆಂದು ನನಗೆ ಗೋಡೆ ಪಕ್ಕ ಒಂದು ಕುರ್ಚಿ ಕೊಟ್ಟರು. ಯೋಕ್ ಲಾನ್ ಮುಂದೆ ಕಿತ್ತಳೆ ಶರಬತ್ತು ಇಟ್ಟರು, ಉಳಿದವರಿಗೆ ಕಾಫಿ. ಅವಳಿಗೆ ಕಾಫಿಯೆಂದರೆ ಪ್ರಾಣ, ಆದರೆ ಯಾರೂ ಕೇಳಲಿಲ್ಲ.

ಕಾರ್ಯದರ್ಶಿ ವಿನ್ಸೆಂಟ್ ವರದಿ ಓದಿದ. ಅರವತ್ತೆರಡು ಆಟಗಾರರು, ಅಷ್ಟೂ ಮಂದಿಯ ಮುಖದಲ್ಲಿ ಆತ್ಮವಿಶ್ವಾಸ, ವರ್ಷದಲ್ಲಿ ನಲವತ್ತೆಂಟು ಶನಿವಾರ ಬೊಚ್ಚಿ ಎಂಬ ಚೆಂಡುರುಳಿಸುವ ಆಟದ ಅಭ್ಯಾಸ. ಒಳ್ಳೆಯ ದನಿ ಅವನದು. ಸುಳ್ಳು ಹೇಳುವವರಿಗೆ ದೇವರು ಕೊಡುವ ದನಿ.

“ನಲವತ್ತೆಂಟಲ್ಲ, ಏಳು,” ಎಂದಳು ಯೋಕ್ ಲಾನ್.

ವಿನ್ಸೆಂಟ್ ಓದುವುದನ್ನು ನಿಲ್ಲಿಸಿದ. ದಾತಿನ್ ನಕ್ಕಳು. “ಏನು ಪುಟ್ಟಿ? ಬಾತ್‌ರೂಮಿಗೆ ಹೋಗ್ಬೇಕಾ?”

“ಬೇಡ. ಶನಿವಾರ ಏಳೇ. ಬ್ಯಾಂಕಿನವ್ರು ಬಂದಾಗ ಒಂದು. ಟೈರ್ ಕಂಪನಿಯವ್ರು ಬಂದಾಗ ಒಂದು. ಪೇಪರಿನವ್ರು ಬಂದಾಗ ಎರಡು. ಮಂತ್ರಿ ಹೆಂಡ್ತಿ ಬರ್ತಾರೆ ಅಂದ್ರಲ್ಲ, ಅವ್ರು ಬರ್ಲಿಲ್ಲ, ನಾವು ಆಡಿದ್ವಿ, ಅದೊಂದು. ಕಾಲೇಜು ಹುಡ್ಗೀರು ಬಂದಾಗ ಎರಡು. ಬೇರೆ ದಿನ ಗೇಟಿಗೆ ಬೀಗ.”

“ಎಣಿಕೆ ಅವಳಿಗೆ ಬರೋಲ್ಲ, ಪಾಪ,” ಎಂದು ದಾತಿನ್ ಮೇಜಿನ ಸುತ್ತ ಕೂತವರಿಗೆ ಹೇಳಿದಳು. ಅವರೆಲ್ಲ ಪಾಪ ಎನ್ನುವ ಮುಖ ಮಾಡಿದರು. ಆ ಮುಖಗಳನ್ನು ಇಸ್ತ್ರಿ ಮಾಡಿ ತಂದಿದ್ದರೇನೋ.

ವಿನ್ಸೆಂಟ್ ಪೆನ್ನು ಮುಂದಿಟ್ಟ. “ಇದು ಬರೀ ಪದ್ಧತಿ ಕಣಮ್ಮಾ. ಇಲ್ಲಿ ಹೆಸರು ಬರಿ, ಮನೆಗೆ ಕೇಕ್ ಕಟ್ಟಿಸಿಕೊಡ್ತೀವಿ.”

“ಏಳು ಅಂತ ಬರೀರಿ. ಆಮೇಲೆ ಬರೀತೀನಿ.”

ಪೆನ್ನಿಗೆ ಮುಚ್ಚಳ ಹಾಕಿ ಹಿಂದಕ್ಕೆ ತಳ್ಳಿದಳು. ದಾತಿನ್ ನನ್ನ ಕಡೆ ತಿರುಗಿದಳು. “ನೀವಾದ್ರೂ ಹೇಳಿ. ಎಷ್ಟೆಲ್ಲ ಮಾಡ್ತೀವಿ ಇವರಿಗೋಸ್ಕರ.”

“ಅವಳು ಹೇಳಿದ್ಮೇಲೆ ನಾನೇನು ಹೇಳ್ಲಿ ದಾತಿನ್,” ಎಂದೆ. ದನಿ ಗಟ್ಟಿಯಾಗಿತ್ತು, ಒಳಗೆ ಮಾತ್ರ ನಾಚಿಕೆಯಿಂದ ಸತ್ತುಹೋಗಿದ್ದೆ.

ಯಾಕೆಂದರೆ ನನಗೇ ಗೊತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ನನ್ನ ನೂಡಲ್ಸ್ ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಅವಳು ಆಟದ ಬೂಟು ಹಾಕಿಕೊಂಡು ಏಳೂವರೆ ಬಸ್ಸಿಗೆ ಶಾಲೆಯ ಮೈದಾನಕ್ಕೆ ಹೊರಡುತ್ತಿದ್ದಳು, ಮಧ್ಯಾಹ್ನ ವಾಪಸ್ಸು ಬರುತ್ತಿದ್ದಳು. ಉಳಿದವರಿಗೆ ಫೋಟೋ ಇರುವ ದಿನ ಮಾತ್ರ ಸಂಘದಿಂದ ಫೋನು ಹೋಗುತ್ತಿತ್ತಂತೆ. ಅಭ್ಯಾಸ ಪ್ರತಿ ಶನಿವಾರವೆಂದು ಹೇಳಿದ್ದರಿಂದ ಇವಳು ಪ್ರತಿ ಶನಿವಾರ ಹೋದಳು.

ಸಭೆಯಿಂದ ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದೆ: “ಬೀಗ ಹಾಕಿರುತ್ತೆ ಅಂತ ಯಾಕೇ ಹೇಳ್ಲಿಲ್ಲ?”

“ನೀನು ‘ಹೋಗ್ಬಂದ್ಯಾ’ ಅಂತ ಕೇಳ್ತಿದ್ದೆ. ನಾನು ‘ಹೋಗ್ಬಂದೆ’ ಅಂತಿದ್ದೆ.”

“ಅಲ್ಲಿ ಅಷ್ಟು ಹೊತ್ತು ಏನ್ ಮಾಡ್ತಿದ್ದೆ?”

“ಕಾಯ್ತಿದ್ದೆ. ವಾಚ್‌ಮನ್ ಅಂಕಲ್ ಕುರ್ಚಿ ಕೊಡ್ತಿದ್ರು.”

ನಾನು ಕಿಟಕಿಯ ಕಡೆ ಮುಖ ಮಾಡಿದೆ. ದಾತಿನ್ ಮೇಲೆ ಉಕ್ಕಿದ ತಿರಸ್ಕಾರದಲ್ಲಿ ಒಂದು ಪಾಲು ನನ್ನ ಮೇಲೂ ಬಿತ್ತು.

ಮರುದಿನ ಸಮಿತಿಯವರು ಇನ್ನೊಬ್ಬ ಆಟಗಾರನ ಮನೆಗೆ ಹೋಗಿ, ನೂಡಲ್ಸ್ ತಿನ್ನುತ್ತಿದ್ದವನ ಹೆಬ್ಬೆರಳು ಒತ್ತಿಸಿಕೊಂಡು ವರದಿ ಕಳಿಸಿದರು. ಅದು ಅವನ ತಾಯಿಯಿಂದಲೇ ತಿಳಿಯಿತು. ನಾವು ಅಕ್ಕತಂಗಿಯರು ಕೂತು ಕೇಂದ್ರ ಕಚೇರಿಗೆ ಕಾಗದ ಬರೆದೆವು. ಏಳು ಶನಿವಾರಗಳನ್ನು ಯೋಕ್ ಲಾನ್ ಹೇಳಿದಳು, ಕೊನೆಗೆ ಸಹಿಯನ್ನೂ ಅವಳೇ ಮಾಡಿದಳು.

ಇಬ್ಬರು ಅಧಿಕಾರಿಗಳು ಬಂದರು. ದಾತಿನ್ ಮೈದಾನಕ್ಕೆ ಶಾಮಿಯಾನ ಹಾಕಿಸಿ, ಅರವತ್ತೆರಡು ನೀಲಿ ಅಂಗಿ ತರಿಸಿದ್ದಳು. ತೊಡಲು ಹತ್ತೊಂಬತ್ತು ಜನ ಸಿಕ್ಕರು. ಅಧಿಕಾರಿಗಳು ಶಾಮಿಯಾನದ ಕೆಳಗೆ ಕೂರದೆ ನೆಟ್ಟಗೆ ವಾಚ್‌ಮನ್ ಹತ್ತಿರ ಹೋದರು. ಆತ ಗೊಣಗುತ್ತಲೇ ಹೇಳಿದ: “ಈ ಹೆಣ್ಮಗಳು ವಾರವಾರ ಬರ್ತಾಳೆ. ಬೇರೆ ಯಾರ್ ಬಂದಿದಾರೆ ಸ್ವಾಮಿ? ಬೀಗದ ಕೈ ದಾತಿನ್ ಮನೇಲಿರುತ್ತೆ.”

ದಾತಿನ್‌ಗೆ ತಕ್ಷಣ ಆರೋಗ್ಯ ಕೆಟ್ಟಿತು. ರಾಜೀನಾಮೆ ಕೊಟ್ಟಳು, ಸಮಿತಿಯವರು ಬೀಳ್ಕೊಡುಗೆ ಊಟ ಹಾಕಿಸಿ ಗಾಜಿನ ಫಲಕ ಕೊಟ್ಟರು. ಒಂದೇ ತಿಂಗಳಲ್ಲಿ ಆರೋಗ್ಯ ಸುಧಾರಿಸಿ, ಕಣ್ಣು ಕಾಣದವರ ಸಂಗೀತ ಸಂಘಕ್ಕೆ ಅಧ್ಯಕ್ಷೆಯಾದಳು. ಅಲ್ಲಿನವರಿಗೆ ಅವಳ ಮುಖ ಕಾಣಿಸುವುದಿಲ್ಲ ಎಂಬುದೊಂದೇ ಸಮಾಧಾನ. ವಿನ್ಸೆಂಟ್ ಅದೇ ದನಿಯಲ್ಲಿ ಈಗಲೂ ವರದಿ ಓದುತ್ತಾನೆ, ಆದರೆ ಯೋಕ್ ಲಾನ್ ಕಡೆ ಒಮ್ಮೆ ನೋಡಿ ಓದುತ್ತಾನೆ.

ಬೀಗದ ಕೈ ಈಗ ತಂದೆತಾಯಿಗಳ ಹತ್ತಿರ ಸರದಿಯಲ್ಲಿರುತ್ತದೆ. ಶನಿವಾರ ನಾನು ಅಂಗಡಿಯನ್ನು ಒಂಬತ್ತಕ್ಕೇ ಮುಚ್ಚಿ ಮೈದಾನಕ್ಕೆ ಹೋಗುತ್ತೇನೆ. ಹೋದ ಮೇಲೆ ತಿಳಿದ ವಿಷಯವೆಂದರೆ, ನನ್ನ ತಂಗಿ ಆಟದಲ್ಲಿ ಅಷ್ಟಕ್ಕಷ್ಟೆ. ಬಿಳಿಯ ಪುಟ್ಟ ಚೆಂಡಿನ ಹತ್ತಿರಕ್ಕೆ ತನ್ನ ಚೆಂಡನ್ನು ಉರುಳಿಸಬೇಕು. ಇವಳು ಪ್ರತಿ ಸಲ ದಾಟಿಸಿಬಿಡುತ್ತಾಳೆ. ಸೋತರೆ ನೆಲ ಸರಿಯಿಲ್ಲ ಎನ್ನುತ್ತಾಳೆ, ಗೆದ್ದವರ ಕೈ ಕುಲುಕುವುದಿಲ್ಲ. ಕಳೆದ ವಾರ ಮನೆಗೆ ಬರುವವರೆಗೂ ನನ್ನೊಡನೆ ಮಾತು ಬಿಟ್ಟಿದ್ದಳು, ನಾನು ಎದುರಾಳಿಗೆ ಚಪ್ಪಾಳೆ ತಟ್ಟಿದೆನೆಂದು.