ಕ್ಷಮೆಗೆ ಮೊದಲು ಅಳತೆ

ಯಾರದು, ಮುದುಕನಿಗೆ ಮರೆವು ಶುರುವಾಗಿದೆ ಎಂದು ಫೋನಿನ ಫ್ಯಾಮಿಲಿ ಗ್ರೂಪಿನಲ್ಲಿ ಬರೆದದ್ದು? ದೊಡ್ಡ ಅಳಿಯಂದಿರು ತಾನೇ? ಸ್ವಾಮಿ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವವರು ನೀವು. ನನ್ನ ನೆನಪಿನ ತಂಟೆಗೆ ಬರಬೇಡಿ. ಮೂವತ್ತೊಂದು ವರ್ಷ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವನು ನಾನು. ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ನಟರು ಮರೆತ ಮಾತನ್ನೆಲ್ಲ ಪಿಸುದನಿಯಲ್ಲಿ ಎತ್ತಿಕೊಟ್ಟವನು. ನಿಮ್ಮ ಹೆಂಡತಿಯನ್ನು ಸಾಕಿ ಬೆಳೆಸಿದ್ದೇ ಬೇರೆಯವರ ಮರೆವಿನಿಂದ. ಈಗ ತೆಪ್ಪಗೆ ಕೇಳಿ.

ಕಂಪನಿಯ ಯಜಮಾನರೇ ರಾಜನ ಪಾರ್ಟು ಮಾಡುತ್ತಿದ್ದರು. ಕೊನೆಯ ದೃಶ್ಯದಲ್ಲಿ ದ್ರೋಹ ಬಗೆದ ತಮ್ಮ ಬಂದು ಕಾಲಿಗೆ ಬೀಳುತ್ತಾನೆ. ರಾಜ ಬಗ್ಗಿ ಅವನನ್ನು ಎತ್ತಿ, ಎದೆಗೊತ್ತಿಕೊಂಡು, ಕ್ಷಮಿಸಿದೆ ಅನ್ನುತ್ತಾನೆ. ಗಂಡಸರೂ ಮೂಗು ಒರೆಸಿಕೊಳ್ಳುತ್ತಿದ್ದರು. ಹೊರಗಿನ ಬೋರ್ಡಿನಲ್ಲಿ ಯಜಮಾನರ ಹೆಸರಿನ ಮುಂದೆ 'ಕ್ಷಮಾಸಾಗರ' ಎಂದು ಬರೆಸಿದ್ದರು. ಬರೆಸಿದ್ದು ಅವರೇ. ಒಳಗಿದ್ದ ನಮಗೆ ಮಾತ್ರ ಆ ಸಾಗರದಲ್ಲಿ ಒಂದು ತೊಟ್ಟು ನೀರೂ ಸಿಗಲಿಲ್ಲ. ಚಹಾ ಆರಿತ್ತೆಂದು ಅಡುಗೆಯವನನ್ನು ಓಡಿಸಿದರು. ತಾವು ಹಾಡುವಾಗ ಸೀನಿದನೆಂದು ಪಿಟೀಲಿನವನನ್ನು ಓಡಿಸಿದರು.

ಇನ್ನೊಂದು ಮಾತು. ಯುದ್ಧ ಸಾರುವ ಮಾತು ಅವರಿಗೆ ಬಾಯಿಪಾಠ. ಗಲ್ಲಿಗೇರಿಸುವ ಮಾತಂತೂ ನಿದ್ದೆಯಲ್ಲೂ ಬರುತ್ತಿತ್ತು. ಕ್ಷಮಿಸುವ ಮಾತೊಂದು ಮಾತ್ರ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ತಲೆಗೆ ಹತ್ತಲಿಲ್ಲ. ತಮ್ಮನನ್ನು ಎತ್ತಿದ ಕೂಡಲೇ ಕಣ್ಣು ನನ್ನ ಕಡೆ ಹೊರಳುತ್ತಿತ್ತು. ನಾನು ಹೇಳಬೇಕು, ಅವರು ಒಪ್ಪಿಸಬೇಕು. ಅರ್ಥದ ಗೊಡವೆಯೇ ಇಲ್ಲ. ಕಿವಿಗೆ ಬಿದ್ದದ್ದು ನೇರ ಬಾಯಿಗೆ.

ಆಗ ನಮ್ಮಲ್ಲಿ ಉಡುಪು ಹೊಲಿಯುತ್ತಿದ್ದವಳು ಸೂಜಿ ಅಕ್ಕ. ಗಂಡ ಸತ್ತ ಮೇಲೆ ಹಾಸಿಗೆ ಹಿಡಿದ ತಾಯಿಯೊಂದಿಗೆ ರಂಗಮಂದಿರದ ಹಿಂದಿನ ಕೋಣೆಯಲ್ಲೇ ಇದ್ದಳು. ಒಂದು ಮಂಚ, ಒಂದು ಹೊಲಿಗೆ ಯಂತ್ರ, ಗೂಟಕ್ಕೆ ತೂಗುಹಾಕಿದ ಸೈನಿಕರ ಅಂಗಿಗಳು, ತಿರುಗಲು ಜಾಗವಿರಲಿಲ್ಲ. ಅದು ಬಿಟ್ಟರೆ ಅವರಿಗೆ ಬೇರೆ ಸೂರಿಲ್ಲ.

ಯಜಮಾನರ ಹೊಟ್ಟೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಅಕ್ಕ ಟೇಪು ಹಿಡಿದು ಹೋದಾಗಲೆಲ್ಲ ಗದರುತ್ತಿದ್ದರು. "ಏನಮ್ಮಾ, ರಾಜನ ಮೈಗೆ ಟೇಪು ಸುತ್ತೋಕೆ ಬರ್ತೀಯಾ? ಹಳೇ ಅಳತೆ ಇದೆಯಲ್ಲ, ಅದಕ್ಕೇ ಹೊಲಿ!"

ಹೊಲಿದಳು. ಒಂದು ಸಂಜೆ ರಾಜ ತಮ್ಮನನ್ನು ಎತ್ತಲು ಬಗ್ಗಿದರು ನೋಡಿ, ಪರ್ರ್! ಹೊಸ ನಿಲುವಂಗಿ ಬೆನ್ನಿನಿಂದ ಕೆಳಗಿನ ತನಕ ಬಾಯಿ ಬಿಟ್ಟಿತು. ಒಳಗೆ ಹಳದಿ ಚಡ್ಡಿ. ಅಳಬೇಕಾದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಲಿಗೆ ಬಿದ್ದಿದ್ದ ತಮ್ಮನೂ ನಕ್ಕ, ಮುಖ ನೆಲಕ್ಕಿದ್ದುದರಿಂದ ಬಚಾವಾದ.

ಪರದೆ ಬಿದ್ದ ಕೂಡಲೇ ತೀರ್ಪಾಯಿತು. "ಭಾನುವಾರದೊಳಗೆ ಕೋಣೆ ಖಾಲಿ ಮಾಡು."

ಮರುದಿನ ನಾನು ಹೋಗಿ ಕೈಮುಗಿದೆ. "ಯಜಮಾನ್ರೇ, ಹಾಸಿಗೆ ಹಿಡಿದಿರೋ ಮುದುಕಿ. ಇದೊಂದು ಸಲ ಬಿಟ್ಟುಬಿಡಿ."

ಅವರು ಕನ್ನಡಿಯ ಮುಂದೆ ಮೀಸೆ ಅಂಟಿಸಿಕೊಳ್ಳುತ್ತಿದ್ದರು. "ಕ್ಷಮೆ ಎಲ್ಲಾ ಲೈಟ್ ಕೆಳಗೇ ಚೆಂದ ಕಣಯ್ಯಾ. ಹಗಲಲ್ಲಿ ಕ್ಷಮಿಸ್ತಾ ಕೂತ್ರೆ ಕಂಪನಿ ನಡೆಯುತ್ತಾ? ಹೋಗು, ಮೊದಲನೇ ಅಂಕ ತೆಗೆದಿಡು."

ಲೈಟ್ ಕೆಳಗೇ ಆಗಲಿ ಎಂದುಕೊಂಡೆ. ಶನಿವಾರ ಮಂದಿರ ತುಂಬಿ ತುಳುಕುತ್ತಿತ್ತು. ರಾಜ ತಮ್ಮನನ್ನು ಎತ್ತಿದರು. ಕಣ್ಣು ನನ್ನ ಕಡೆ ಹೊರಳಿತು. ನಾನು ಪಿಸುಗುಟ್ಟಿದೆ. ಅವರು ಗುಡುಗಿದರು:

"ಏಳು ತಮ್ಮಾ, ನಿನ್ನನ್ನು ಕ್ಷಮಿಸಿದೆ! ನಿನ್ನನ್ನಷ್ಟೇ ಅಲ್ಲ, ನನ್ನ ಅಂಗಿ ಹೊಲಿದ ಆ ಬಡ ಹೆಣ್ಣುಮಗಳನ್ನೂ ಕ್ಷಮಿಸಿದೆ! ಅವಳು ತನ್ನ ಕೋಣೆಯಲ್ಲೇ ಸುಖವಾಗಿರಲಿ!"

ಹೇಳಿ ಮುಗಿದ ಮೇಲೆ ತಾವು ಹೇಳಿದ್ದೇನೆಂಬುದು ಅವರಿಗೆ ಹೊಳೆಯಿತು. ನನ್ನತ್ತ ನೋಡಿದ ನೋಟಕ್ಕೆ ಸ್ಟೂಲೇ ನಡುಗಿತು. ಅಷ್ಟರಲ್ಲಿ ಅಂಗಿ ಹರಿದ ಸುದ್ದಿ ಗೊತ್ತಿದ್ದ ಜನ ಎದ್ದು ನಿಂತರು. "ವನ್ಸ್ ಮೋರ್!" ಯಜಮಾನರ ಮುಖ ಅರಳಿತು. ಮೂರು ಸಲ ಕ್ಷಮಿಸಿದರು. ಮೂರನೆಯ ಸಲ ಕಣ್ಣಲ್ಲಿ ನೀರು, ಅದೂ ಸ್ವಂತದ್ದು.

ನಾನು ಬೀಗುತ್ತ ಕೋಣೆಗೆ ಓಡಿದೆ. ಅಕ್ಕ ಗಂಟುಮೂಟೆ ಬಿಚ್ಚಿರಲಿಲ್ಲ. ಕತ್ತರಿ ಹಿಡಿದು ನಿಂತಿದ್ದಳು.

"ಅಣ್ಣಾ, ನಿನಗೆ ಬುದ್ಧಿ ಇದೆಯಾ? ತಪ್ಪು ಯಾರದ್ದು?"

"ಅವರದ್ದೇ ಬಿಡು."

"ಮತ್ತೆ ನನ್ನನ್ನ ಕ್ಷಮಿಸೋಕೆ ಅವನ್ಯಾರು? ಊರಲ್ಲಿ ಯಾರಿಗೂ ಗೊತ್ತಿಲ್ಲದ ನನ್ನನ್ನ ನೀನು ತಪ್ಪಿತಸ್ಥೆ ಮಾಡಿ ಎಂಟುನೂರು ಜನರ ಮುಂದೆ ನಿಲ್ಲಿಸಿಬಿಟ್ಯಲ್ಲೋ!"

ಎಲ್ಲರಿಗೂ ಮಾತು ಹೇಳಿಕೊಡುವವನಿಗೆ ಹೇಳಿಕೊಡಲು ಯಾರೂ ಇರಲಿಲ್ಲ.

ಅಷ್ಟರಲ್ಲಿ ಯಜಮಾನರೇ ಬಂದರು, ಹಲ್ಲು ಕಿರಿಯುತ್ತ. "ನಾಳೆಯಿಂದ ನೀನೇ ಸ್ಟೇಜಿಗೆ ಬಾ ತಾಯಿ. ಕಾಲಿಗೆ ಬೀಳು, ಕ್ಷಮಿಸ್ತೀನಿ. ದಿನಾ ಬಂದು ಬೀಳೋದಾದ್ರೆ ಕೋಣೆ ನಿಂದೇ. ಇಲ್ಲಾಂದ್ರೆ ಭಾನುವಾರ ನೆನಪಿದೆಯಲ್ಲ?"

ಅಕ್ಕ ಮಂಚದ ಕಡೆ ನೋಡಿದಳು. ತಾಯಿ ಮಲಗಿದ್ದಳು. "ಬರ್ತೀನಿ" ಅಂದಳು.

ಭಾನುವಾರ ಬಂದಳು. ದಿನವೂ ಕೆಲಸದಲ್ಲಿ ಉಡುತ್ತಿದ್ದ ಸೀರೆ, ಹೆಗಲ ಮೇಲೆ ಟೇಪು. ರಾಜ ಕೈಚಾಚಿ ನಿಂತರು. ಅಕ್ಕ ಬೀಳಲಿಲ್ಲ. ನೆಟ್ಟಗೆ ಹೋಗಿ ರಾಜನ ಸೊಂಟಕ್ಕೆ ಟೇಪು ಸುತ್ತಿದಳು.

"ಐವತ್ತೆರಡು!" ಎಂದು ಕೂಗಿದಳು. "ಮಹಾಪ್ರಭುಗಳು ನನಗೆ ಕೊಟ್ಟಿದ್ದು ನಲವತ್ತು. ಉಳಿದ ಹನ್ನೆರಡು ಇಂಚು ಯಾರ ತಪ್ಪು ಅಂತ ಇಲ್ಲಿ ಕೂತಿರೋ ಜನರೇ ಹೇಳಲಿ. ಆಮೇಲೆ ಕ್ಷಮಿಸೋರಂತೆ."

ನಗು ಚಾವಣಿಗೆ ಬಡಿಯಿತು. ಯಜಮಾನರು ಕಂಬವಾದರು. ಎಂದಿನ ಹಾಗೆ ಕಣ್ಣು ನನ್ನ ಕಡೆ ಹೊರಳಿತು. ಈ ಗಳಿಗೆಗೆ ಪುಸ್ತಕದಲ್ಲಿ ಮಾತಿಲ್ಲ. ಒಳಗೆ ಮುದುಕಿ, ಕೋಣೆ, ಭಾನುವಾರ. ಆದರೂ ಹೇಳಿಕೊಟ್ಟೆ, ಅವರು ತುಂಬು ಕಂಠದಲ್ಲಿ ಒಪ್ಪಿಸಿದರು:

"ತಾಯೀ, ತಪ್ಪು ನನ್ನದು! ಕೋಣೆ ನಿನ್ನದು! ನನ್ನನ್ನು ಕ್ಷಮಿಸು!"

ಮಂದಿರವೇ ಎದ್ದು ನಿಂತಿತು. ಅಕ್ಕ ಟೇಪು ಸುತ್ತಿಕೊಂಡು, "ಯೋಚನೆ ಮಾಡಿ ಹೇಳ್ತೀನಿ" ಎಂದು ಒಳಗೆ ನಡೆದಳು. ಜನ "ವನ್ಸ್ ಮೋರ್" ಎಂದರು. ರಾಜ ಖಾಲಿ ಬಾಗಿಲಿಗೆ ಇನ್ನೆರಡು ಸಲ ಕ್ಷಮೆ ಕೇಳಿದರು.

ಆಮೇಲೆ ಆ ದೃಶ್ಯಕ್ಕೆಂದೇ ಜನ ಬರತೊಡಗಿದ್ದರಿಂದ ಅವಳನ್ನು ಓಡಿಸಲು ಯಜಮಾನರಿಗೆ ಧೈರ್ಯ ಬರಲಿಲ್ಲ. ಅವಳ ತಾಯಿ ಆ ಕೋಣೆಯಲ್ಲೇ, ಆ ಮಂಚದ ಮೇಲೆಯೇ ಕಣ್ಣು ಮುಚ್ಚಿದಳು. ಅಂಗಿ ಐವತ್ತೆರಡಕ್ಕೆ ಹೊಲಿದದ್ದಾಯಿತು. ಯಜಮಾನರು ದಿನಾ ಕ್ಷಮೆ ಕೇಳಿದರು, ದಿನಾ ನಾನೇ ಹೇಳಿಕೊಟ್ಟೆ. ಆ ಮಾತೂ ಅವರಿಗೆ ಬಾಯಿಪಾಠ ಆಗಲಿಲ್ಲ.

ನಾನೂ ಒಂದು ದಿನ ಅವಳ ಮುಂದೆ ನಿಂತು, ಆ ಶನಿವಾರದ್ದು ನನ್ನ ತಪ್ಪು ಕಣಕ್ಕಾ ಎಂದೆ. ಯಾರೂ ಹೇಳಿಕೊಟ್ಟದ್ದಲ್ಲ. ಅವಳು ದಾರ ಕಚ್ಚಿ ತುಂಡರಿಸಿ, "ನಿಂದೂ ಯೋಚನೆ ಮಾಡ್ತೀನಿ" ಅಂದಳು. ಆ ಯೋಚನೆ ಮುಗಿಯುವ ಮೊದಲೇ ಕಂಪನಿ ಮುಚ್ಚಿತು, ಎಲ್ಲರೂ ದಿಕ್ಕಾಪಾಲಾದೆವು.

ಅದಕ್ಕೇ ಹೇಳುವುದು, ಇದನ್ನು ನಿಮ್ಮ ಗ್ರೂಪಿನಲ್ಲೇ ಕೊಳೆಹಾಕಬೇಡಿ. ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ, ಟೈಲರ್ ಅಂಗಡಿಯವರಿಗೆಲ್ಲ ಕಳಿಸಿ. ಎಲ್ಲಾದರೂ ಅವಳ ಕಿವಿಗೆ ಬಿದ್ದರೆ, ಯೋಚನೆ ಮುಗಿಯಿತೇನಕ್ಕಾ ಎಂದು ಅಣ್ಣ ಕೇಳುತ್ತಿದ್ದಾನೆ ಅನ್ನಿ.